ಹೊಸ ಬಾಡಿಗೆದಾರ

"ಎರಡೂ ಕೈ ಕತ್ತಿನ ಹಿಂದಕ್ಕೆ ತಗೊಂಡು ಹೋಗಿ ಸರ್. ಆಗುತ್ತಾ?"

ಫೋಲ್ಕ್‌ಮಾರ್ ಕೈ ಎತ್ತಿದರು. ಮುಖ ಕೆಂಪೇರಿದರೂ ಬಿಡಲಿಲ್ಲ. ಬೆರಳುಗಳು ಕತ್ತಿನ ಹಿಂದೆ ಹೇಗೋ ಹೆಣೆದುಕೊಂಡವು.

"ವಾಹ್!" ಎಂದು ಆರೈಕೆ ವಿಮೆಯ ಕಡೆಯಿಂದ ತಪಾಸಣೆಗೆ ಬಂದಿದ್ದ ಜೈಬರ್ಟ್ ಮೇಡಂ ಲ್ಯಾಪ್‌ಟಾಪಿನಲ್ಲಿ ಸೊನ್ನೆ ಒತ್ತಿದರು.

ಮಗಳು ಆಲ್ಮುಟ್ ಆ ಸೊನ್ನೆಯನ್ನೇ ನೋಡಿದಳು. ಸಹಾಯ ಬೇಕಾದಷ್ಟೂ ಅಂಕ ಹೆಚ್ಚು; ಸೊನ್ನೆ ಎಂದರೆ ಸಹಾಯ ಬೇಕಿಲ್ಲ. ಅಂಕ ಸಾಲದಿದ್ದರೆ ಬೆಳಿಗ್ಗೆ ನರ್ಸ್ ಬರುವುದಿಲ್ಲ. ನರ್ಸ್ ಬರದಿದ್ದರೆ ಅವಳು ಪಾಠ ಮಾಡಲು ಹೋಗುವಂತಿಲ್ಲ, ಇರುವ ಒಂದು ಕೆಲಸವೂ ಹೋದಂತೆಯೇ. ಅಂಗಿಯ ಗುಂಡಿ ಹಾಕಿಕೊಳ್ಳಲಾಗದ ಅಪ್ಪ ಇವತ್ತು ಅವಳಿಂದ ಟೈ ಕಟ್ಟಿಸಿಕೊಂಡು, ನಡೆಯುವಾಗ ಹಿಡಿದುಕೊಳ್ಳುವ ಗಾಡಿಯನ್ನು ಬಚ್ಚಲಲ್ಲಿ ಬಚ್ಚಿಟ್ಟು, ಸೇಬಿನ ಕೇಕು ತರಿಸಿದ್ದರು. ಮನೆಗೆ ಅತಿಥಿ ಬರುತ್ತಾರಂತೆ!

"ಇವರ ಕೈಲಿ ಏನೂ ಆಗಲ್ಲ ಮೇಡಂ," ಎಂದಳು ಆಲ್ಮುಟ್. " ನಿನ್ನೆ ಟವೆಲ್ ಯಾತಕ್ಕೆ ಅಂತಾನೇ ಗೊತ್ತಾಗಲಿಲ್ಲ ಇವರಿಗೆ. ಇವರು—"

"ಯಾರಮ್ಮಾ ಈ 'ಇವರು'?" ಅಪ್ಪ ನಕ್ಕರು. "ಹೊಸ ಬಾಡಿಗೆದಾರ ಬಂದಿದ್ದಾನಾ?"

ಫ್ರಾಂಕ್‌ಫರ್ಟಿನ ವಿಶ್ವವಿದ್ಯಾಲಯದಲ್ಲಿ ಅಪ್ಪ ಮೂವತ್ತು ವರ್ಷ ಪಾಠ ಮಾಡಿದ್ದು ವಸ್ತೂಕರಣದ ಬಗ್ಗೆ. ಮನುಷ್ಯನನ್ನು ವಸ್ತುವಿನಂತೆ ಕಾಣುವುದು, ಹಾಗೆ ಕಾಣುತ್ತಿದ್ದೇವೆ ಎಂಬುದನ್ನೂ ಮರೆಯುವುದು. ಈಗ ಅದೇ ತರಗತಿಯಲ್ಲಿ ಅದೇ ಪಾಠ ಮಾಡುವವಳು ಆಲ್ಮುಟ್. ಇಲ್ಲಿ ಹಾಗೆ ಕಾಣುತ್ತಿರುವವರು ಯಾರು? ಅಂಕ ಹಾಕುವವರೋ, ಇನ್ನಷ್ಟು ಹಾಕಿ ಎಂದು ಅಂಗಲಾಚುವ ತಾನೋ? ಅಪ್ಪನನ್ನು ಉಳಿಸಿಕೊಳ್ಳಲು ಅಪ್ಪನನ್ನೇ ಇಷ್ಟು ಕೀಳು ಮಾಡಿ ಹೇಳಬೇಕೇ?

"ಸರ್, ಕೈ ತೊಳೆಯೋಕೆ ಹೋದಾಗ ಬಚ್ಚಲಲ್ಲಿ ಒಂದು ಗಾಡಿ ನೋಡಿದೆ. ಯಾರದ್ದು?"

"ಬಾಡಿಗೆದಾರನದ್ದು," ಎಂದರು ಫೋಲ್ಕ್‌ಮಾರ್.

ಈ ಸಲ ನಗಲಿಲ್ಲ. ತಮಾಷೆಯೋ, ನಿಜಕ್ಕೂ ಹಾಗೆಂದು ನಂಬಿದ್ದಾರೋ? ಆಲ್ಮುಟ್ ಅಪ್ಪನ ಕಣ್ಣನ್ನೇ ನೋಡಿದಳು. ಅಲ್ಲಿಯೂ ಗೊಂದಲವೇ ಇತ್ತು.

ಜೈಬರ್ಟ್ ಸೊನ್ನೆಗಳನ್ನು ಒಂದೊಂದಾಗಿ ಅಳಿಸಿದರು. "ನಾನು ಬರೋ ದಿನ ಎಲ್ಲರೂ ಮದುಮಗನ ಹಾಗೆ ತಯಾರಾಗಿ ಕೂತಿರ್ತಾರೆ. ನನಗೇನು ಹೊಸದಲ್ಲ ಬಿಡಿ. ಆರೈಕೆಯ ಐದು ಹಂತಗಳಲ್ಲಿ ಮೂರನೇದಕ್ಕೆ ಬರೀತೀನಿ, ದಿನಾ ನರ್ಸ್ ಬರ್ತಾಳೆ. ಒಪ್ಪಿಗೆಗೆ ಇಲ್ಲೊಂದು ಸಹಿ."

ಆಲ್ಮುಟ್ ತಕ್ಷಣ ಮುಚ್ಚಳ ತೆಗೆದು ಪೆನ್ನು ಚಾಚಿದಳು. ಅಪ್ಪ ಹಿಡಿದುಕೊಂಡರು.

"ಎಷ್ಟು ಹೊತ್ತು ಇರ್ತಾಳೆ?"

"ಇಪ್ಪತ್ತೈದು ನಿಮಿಷ. ಮೈ ತೊಳೆಯೋಕೆ, ಬಟ್ಟೆ ಹಾಕೋಕೆ, ಮಾತ್ರೆಗೆ."

"ಮಾತಿಗೆ?"

"ಅದಕ್ಕೆ ಕಾಲಂ ಇಲ್ಲ ಸರ್."

ಫೋಲ್ಕ್‌ಮಾರ್ ಪೆನ್ನಿಗೆ ಮುಚ್ಚಳ ಹಾಕಲು ಹೋದರು. ಎರಡು ಸಲ ತಪ್ಪಿತು, ಮೂರನೆಯ ಸಲ ಕೂತಿತು.

"ಅಪ್ಪಾ, ನನ್ನ ಕೆಲಸ ಹೋಗುತ್ತೆ. ಒಂದು ಸಹಿ, ಅಷ್ಟೇ."

"ಮಾತೇ ಆಡದೆ ಸಾಮಾನಿನ ಹಾಗೆ ತೊಳೆದಿಟ್ಟು ಹೋಗೋದಾದರೆ ಬೇಡ," ಎಂದರು ಅಪ್ಪ.