ಒಳಕೋಣೆಯ ಸ್ವಿಚ್ಚು

"ಎಡಕ್ಕೆ, ಎಡಕ್ಕೆ! ಅಯ್ಯೋ, ಹಾರ್ನ್‌ಗೆ ತಾಗುತ್ತೆ ಕಣ್ರೀ, ಸ್ವಲ್ಪ ವಾಲಿಸಿ!"

ವಾಲಿಸಬೇಕಾಗಿದ್ದದ್ದು ಹೆಣವನ್ನು. ಆಸ್ಪತ್ರೆಯಿಂದ ಸ್ಟ್ರೆಚರ್ ಹೊತ್ತು ತಂದ ಇಬ್ಬರು ಬಾಗಿಲಲ್ಲೇ ಸಿಕ್ಕಿಕೊಂಡಿದ್ದರು. ಕೂಗುತ್ತಿದ್ದವರು ನಿವೃತ್ತ ಬ್ಯಾಂಕ್ ಮ್ಯಾನೇಜರು. ಗೆಳೆಯ ಸತ್ತು ಆರು ಗಂಟೆಯಾಗಿತ್ತಷ್ಟೆ. ಈ ಪುಣ್ಯಾತ್ಮರಿಗೆ ಗೆಳೆಯನ ಮೈಗಿಂತ ಅವನ ಹಾರ್ನ್ ಸ್ಪೀಕರಿನ ಪೆಟ್ಟಿಗೆಯ ಪಾಲಿಶ್ ಹೆಚ್ಚಾಗಿತ್ತು. ಸ್ಟ್ರೆಚರ್ ವಾಲಿತು, ಸತ್ತವರ ಮೊಣಕೈ ಬಾಗಿಲ ಚೌಕಟ್ಟಿಗೆ ಠಕ್ಕೆಂದು ಬಡಿಯಿತು. ಹಾರ್ನ್‌ಗೆ ಏನೂ ಆಗಲಿಲ್ಲ.

"ಸದ್ಯ!" ಎಂದರು ಮ್ಯಾನೇಜರು.

ಒಳಕೋಣೆಯ ಬಾಗಿಲಲ್ಲಿ ನಿಂತಿದ್ದ ಸತ್ತವರ ಹೆಂಡತಿಗೆ ಮೈಯೆಲ್ಲ ಉರಿಯಿತು. ಅಳು ಬರಬೇಕಾದ ಹೊತ್ತಿನಲ್ಲಿ ಹೀಗೆ ಸಿಟ್ಟು ಬರುತ್ತಿದೆಯಲ್ಲ ಎಂದು ಇನ್ನಷ್ಟು ಉರಿಯಿತು.

ಹಾಲ್ ಅನ್ನುವುದು ಹೆಸರಿಗೆ ಮಾತ್ರ. ಎರಡೂ ಮೂಲೆಯಲ್ಲಿ ಬಟ್ಟೆ ಬೀರುವಿಗಿಂತ ದೊಡ್ಡ ಮರದ ಪೆಟ್ಟಿಗೆಗಳು ಬಾಯಿ ತೆರೆದು ನಿಂತಿದ್ದವು. ಒಳಗೆ ಮಡಚಿಕೊಂಡ ಉದ್ದನೆಯ ದಾರಿ, ಅದರ ತುದಿಯಲ್ಲೆಲ್ಲೋ ಒಂದು ಸಣ್ಣ ಸ್ಪೀಕರು. ಅದು ಪಿಸುಗುಟ್ಟಿದ್ದು ದಾರಿಯುದ್ದಕ್ಕೂ ಹಿಗ್ಗುತ್ತಾ ಬಂದು ಬಾಯಲ್ಲಿ ಗರ್ಜನೆಯಾಗುತ್ತದೆ ಅನ್ನುವುದು ಗಂಡನ ವಾದ. ಮಗಳು ಇವುಗಳ ದೆಸೆಯಿಂದ ಅಡುಗೆಮನೆಯ ಮೂಲೆಯಲ್ಲಿ ಓದಿ ದೊಡ್ಡವಳಾದಳು. ಬಂದ ನೆಂಟರು ಗೋಡೆಗೆ ಬೆನ್ನು ಉಜ್ಜಿಕೊಂಡು ಓಡಾಡುತ್ತಿದ್ದರು. ಈಗ ಯಜಮಾನನನ್ನೂ ಎರಡು ಪೆಟ್ಟಿಗೆಗಳ ನಡುವೆ ಓರೆಯಾಗಿ ಮಲಗಿಸಬೇಕಾಯಿತು.

ಊರಿಗೆಲ್ಲ ಅವರು ತಕ್ಕಡಿ ಸಾಹೇಬರು. ಅಂಗಡಿ ಅಂಗಡಿ ಸುತ್ತಿ ತಕ್ಕಡಿ, ತೂಕದ ಬಟ್ಟು ಪರೀಕ್ಷಿಸಿ ಮುದ್ರೆ ಒತ್ತುವ ಇನ್ಸ್‌ಪೆಕ್ಟರ್ ಕೆಲಸ. ಐದು ಗ್ರಾಂ ಕಮ್ಮಿ ಬಂದರೆ ಅಂಗಡಿಯವನ ಮಾನ ಅಲ್ಲೇ ಬೀದಿಪಾಲು.

"ತಗ್ಗು ಸ್ವರಕ್ಕೇ ಅಂತ ಸಬ್‌ವೂಫರ್ ಪೆಟ್ಟಿಗೆ ಇಡದೆ ಆ ಥರ ಬೇಸ್ ಕೊಡೋದು ಅಂದ್ರೆ ಹುಡುಗಾಟ ಅಲ್ಲ," ಎಂದರು ಸೋಫಾದಲ್ಲಿ ಕೂತಿದ್ದ ಭೌತಶಾಸ್ತ್ರದ ಮೇಷ್ಟ್ರು. ಹೆಣದ ಕಾಲು ಅವರ ಮೊಣಕಾಲಿಗೆ ತಾಗುತ್ತಿತ್ತು. "ಬರೀ ಹಾರ್ನ್‌ನಲ್ಲಿ ಅಷ್ಟು ಕೆಳಗಿನ ಸ್ವರ! ನಾನು ಇನ್ನೆಲ್ಲೂ ಕೇಳಿಲ್ಲ."

"ನಾಲ್ಕು ಗಂಟೆಗೆ ಸ್ಮಶಾನದ ಗಾಡಿ ಬರುತ್ತೆ," ಎಂದರು ಮ್ಯಾನೇಜರು. "ಅಷ್ಟರೊಳಗೆ ಆ ದೊಡ್ಡ ಪಿಟೀಲಿನ ರೆಕಾರ್ಡ್ ಒಂದ್ಸಲ ಹಾಕೋಣ. ನಾವು ಕೊಡೋ ಕೊನೇ ಮರ್ಯಾದೆ. ಏನಂತೀರಿ ಅತ್ತಿಗೆ?"

ಅತ್ತಿಗೆ ತಿರುಗಿ ಒಳಕೋಣೆಯ ಮಂಚದ ಕಡೆ ನೋಡಿದಳು.

*

ಹತ್ತೊಂಬತ್ತು ವರ್ಷದ ಹಿಂದೆ, ಇದೇ ಸೋಫಾದ ಮುಂದೆ ನಿಂತು ಸಾಹೇಬರು ಘೋಷಿಸಿದ್ದರು: "ಸಬ್‌ವೂಫರ್ ಇಡೋದು ಅಂದ್ರೆ ಸೋತೆ ಅಂತ ಬರ್ಕೊಟ್ಟ ಹಾಗೆ. ನನ್ನ ಮನೇಲಿ ಆ ಪೆಟ್ಟಿಗೆ ಕಾಲಿಡಲ್ಲ."

ಹೇಳುವುದೇನೋ ಹೇಳಿಬಿಟ್ಟರು. ಬೇಸ್ ಬರಲಿಲ್ಲ. ಬಡಗಿಯ ಕೈಲಿ ಪೆಟ್ಟಿಗೆಯನ್ನು ಮೂರು ಸಲ ಬಿಚ್ಚಿಸಿ ಕಟ್ಟಿಸಿದರು. ಪ್ರತಿಸಲವೂ ಹಾರ್ನ್‌ನ ಬಾಯಿ ಒಂದು ಗೇಣು ದೊಡ್ಡದಾಯಿತು, ಮನೆ ಒಂದು ಗೇಣು ಚಿಕ್ಕದಾಯಿತು. ಪಿಟೀಲು ಒಂದು ಮಟ್ಟದವರೆಗೆ ಇಳಿಯುತ್ತಿತ್ತು, ಆಮೇಲೆ ಗಂಟಲು ಕಟ್ಟಿದಂತೆ ನಿಂತುಬಿಡುತ್ತಿತ್ತು. ಆ ತಗ್ಗು ಸ್ವರಕ್ಕೆ ಗೋಡೆಯಷ್ಟು ಅಗಲದ ಬಾಯಿ ಬೇಕೆಂದು ಪುಸ್ತಕದಲ್ಲಿ ಬರೆದಿತ್ತು. ಸಾಹೇಬರು ಆ ಪುಸ್ತಕವನ್ನು ಅಟ್ಟಕ್ಕೆ ಹಾಕಿದರು.

ಆಮೇಲೊಂದು ಮಧ್ಯಾಹ್ನ ಗೋಣಿಚೀಲದಲ್ಲಿ ಕರೀ ಪೆಟ್ಟಿಗೆಯೊಂದನ್ನು ಸುತ್ತಿಕೊಂಡು ಬಂದು ಒಳಕೋಣೆಯ ಮಂಚದ ಕೆಳಗೆ, ಹಾಲಿನ ಗೋಡೆಗೆ ಒತ್ತಿ ನೂಕಿದರು. ಗೋಡೆಗೆ ತೂತು ಕೊರೆದು ತಂತಿ ಎಳೆದರು.

"ಇದೇನ್ರೀ, ಸಬ್‌ವೂಫರ್ ಅಲ್ವಾ?"

"ಸ್ವಲ್ಪ ಸಹಾಯ ಅಷ್ಟೆ. ಯಾರ ಹತ್ರಾನೂ ಬಾಯಿ ಬಿಡ್ಬೇಡ."

"ಅಂಗಡಿಯವರು ತಕ್ಕಡಿ ತಳಕ್ಕೆ ಹುಣಸೆಹಣ್ಣು ಅಂಟಿಸೋದೂ ಸ್ವಲ್ಪ ಸಹಾಯಾನೇ ಅಲ್ವಾ?"

ಎರಡು ದಿನ ಅವರು ಮಾತಾಡಲಿಲ್ಲ. ಮೂರನೇ ದಿನ ಕೆಲಸ ಹೇಳಿಕೊಟ್ಟರು. ಕರೀ ಪೆಟ್ಟಿಗೆ ಸುಮ್ಮನಿದ್ದಾಗ ಗುಂಯ್ ಎನ್ನುತ್ತಿತ್ತು, ಹಾಗಾಗಿ ಸಂಗೀತ ಶುರುವಾದ ಮೇಲೆ ಸ್ವಿಚ್ ಹಾಕಬೇಕು, ಮುಗಿಯುವ ಮುಂಚೆ ಆರಿಸಬೇಕು. ಅಷ್ಟು ಹೊತ್ತೂ ಮಂಚದ ಅಂಚಿನಲ್ಲಿ ಕಾವಲು ಕೂತಿರಬೇಕು. ಗೆಳೆಯರು ಸೇರುತ್ತಿದ್ದ ಪ್ರತಿ ಭಾನುವಾರವೂ ಹೆಂಡತಿ ಕೂತಳು. ಗೋಡೆಯಾಚೆ ಗೆಳೆಯರು ಆಹಾ ಓಹೋ ಎನ್ನುವಾಗ ಅವಳಿಗೆ ಕೇಳಿಸಿದ್ದು ತೊಡೆಯ ಕೆಳಗಿನ ದಬ್ ದಬ್ ಒಂದೇ. ತಂಗಿ ಮಗಳ ಮದುವೆ ಭಾನುವಾರವೇ ಬಿತ್ತು. "ಅವತ್ತು ಹೊಸಬರು ಬರ್ತಿದಾರೆ ಕಣೇ" ಎಂದು ಗೋಗರೆದು ಹೋಗಗೊಡಲಿಲ್ಲ. ತಂಗಿ ಇವತ್ತಿಗೂ ಮುಖ ಕೊಟ್ಟು ಮಾತಾಡುವುದಿಲ್ಲ.

*

"ಅಮ್ಮಾ, ಇವರನ್ನೆಲ್ಲ ಆಚೆ ಕಳಿಸ್ಲಾ?" ಮಗಳು ಕಿವಿಯಲ್ಲಿ ಕೇಳಿದಳು. ಅವಳಿಗೂ ಈ ಗುಟ್ಟು ಗೊತ್ತಿರಲಿಲ್ಲ.

"ಬೇಡ ಬಿಡು." ಆಮೇಲೆ ಗಟ್ಟಿಯಾಗಿ, "ಹಾಕಿ ಮ್ಯಾನೇಜರೇ, ಧಾರಾಳವಾಗಿ ಹಾಕಿ," ಎಂದಳು.

ಒಳಕೋಣೆಗೆ ಹೋಗಿ ಮಂಚದ ಅಂಚಿನಲ್ಲಿ ಕೂತಳು. ಸ್ವಿಚ್ಚು ಕೈಯಳತೆಯಲ್ಲೇ ಇತ್ತು. ಇವತ್ತು ಹಾಕುವುದಿಲ್ಲ. ಗೊತ್ತಾಗಲಿ ಎಲ್ಲರಿಗೂ. ಊರವರ ತೂಕ ಸರಿಮಾಡಿದ ಮನುಷ್ಯನ ಬಂಡವಾಳ ಅವನ ಹೆಣದ ಮುಂದೆಯೇ ಬಯಲಾಗಲಿ. ಆಮೇಲೆ ಹೊತ್ತುಕೊಂಡು ಹೋಗಲಿ. ಎರಡೂ ಕೈಯನ್ನು ಕಂಕುಳಲ್ಲಿ ಅವುಚಿಕೊಂಡಳು.

ಪಿಟೀಲು ಶುರುವಾಯಿತು. ಆಳೆತ್ತರದ, ನೆಲಕ್ಕೂರಿ ನಿಂತು ನುಡಿಸುವ ಪಿಟೀಲು. ಇಳಿಯಿತು, ಇಳಿಯಿತು, ಅದೇ ಹಳೆಯ ಜಾಗಕ್ಕೆ ಬಂದು ಗಂಟಲು ಕಟ್ಟಿತು. ಅವಳು ಗೋಡೆಯತ್ತ ಕಿವಿಗೊಟ್ಟಳು. ಈಗ ಕೇಳುತ್ತಾರೆ, ಬೇಸ್ ಎಲ್ಲಿ ಹೋಯ್ತು ಅಂತ.

"ಅಬ್ಬಬ್ಬಾ!" ಎಂದರು ಮ್ಯಾನೇಜರು. "ಹೊಟ್ಟೆಯೊಳಗೇ ಇಳಿಯುತ್ತಲ್ರೀ!"

"ಇವತ್ತು ಯಾಕೋ ಇನ್ನೂ ಆಳವಾಗಿದೆ," ಎಂದರು ಮೇಷ್ಟ್ರು. "ಇದೇ ನೋಡಿ ಶುದ್ಧ ಹಾರ್ನ್ ಅಂದ್ರೆ."

ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. ಆದಮೇಲೆ ನಗು ಬಂತು, ನಗುವಿನ ಬೆನ್ನಿಗೇ ಅಳು. ಥೂ, ಇವರ ಕಿವಿಗಿಷ್ಟು! ಈ ಕಿವುಡು ಮಹಾಶಯರಿಗೆ ಹೆದರಿಯೇ ಆ ಮನುಷ್ಯ ಹತ್ತೊಂಬತ್ತು ವರ್ಷ ಕಳ್ಳನ ಹಾಗೆ ಬೆವರಿದ್ದು? ಇವರಿಗಾಗಿಯೇ ತಾನು ಇಲ್ಲಿ ಕೂತು ಸೊಂಟ ಹಿಡಿಸಿಕೊಂಡದ್ದು? ಸ್ವಿಚ್ ಹಾಕಿದರೂ ಒಂದೇ, ಹಾಕದಿದ್ದರೂ ಒಂದೇ. ಅವಳು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಪರದೆ ಸರಿಯಿತು. ಬಡಗಿ. ಆ ಪೆಟ್ಟಿಗೆಗಳನ್ನು ಮಾಡಿದವನು. ಗರಗಸದ ಮಿಶಿನ್ನಿನ ಪಕ್ಕ ಬದುಕು ಸವೆಸಿ ಅವನ ಕಿವಿ ಮುಕ್ಕಾಲು ಹೋಗಿತ್ತು. ಅವನು ಸೋಫಾದಲ್ಲಿ ಕೂರುತ್ತಿರಲಿಲ್ಲ, ಯಾರೂ ಕೂರು ಎನ್ನುತ್ತಲೂ ಇರಲಿಲ್ಲ. ಹಾಲಿನ ನೆಲದ ಮೇಲೆ ಒಂದು ಕೈ, ಪೆಟ್ಟಿಗೆಯ ಮೇಲೊಂದು ಕೈ ಇಟ್ಟುಕೊಂಡು ಕೇಳುತ್ತಿದ್ದ. ಕಿವುಡ ಬಂದು ಸಂಗೀತ ಕೇಳ್ತಾನೆ ಎಂದು ಮೇಷ್ಟ್ರು ನಗೆಯಾಡುವುದಿತ್ತು.

"ಅಕ್ಕಾ, ಇವತ್ತು ಹಾಕ್ಲಿಲ್ವಲ್ಲ?" ಎಂದ.

ಅವಳು ಬೆಚ್ಚಿದಳು. "ಏನನ್ನ?"

"ಮಂಚದ ಕೆಳಗಿರೋದನ್ನ." ಅವನು ಅವಳ ತುಟಿ ನೋಡಿ ಮಾತು ಹಿಡಿಯುತ್ತಿದ್ದ. ಕಿವಿ ಕೇಳದವರ ಏರುದನಿ, ಪಿಟೀಲು ಅದನ್ನು ನುಂಗಿಕೊಂಡಿತು. "ಮೊದಲನೇ ವಾರದಿಂದ ಗೊತ್ತು ನಂಗೆ. ನೆಲ ನಡುಗುತ್ತೆ, ನಾನು ಮಾಡಿದ ಪೆಟ್ಟಿಗೆ ನಡುಗಲ್ಲ. ಅಂಗೈಗೆ ಸುಳ್ಳು ಹೇಳೋಕಾಗುತ್ತಾ?"

"ಯಾಕೆ ಯಾರಿಗೂ ಹೇಳ್ಲಿಲ್ಲ?"

"ಯಾಕೆ ಹೇಳ್ಲಿ? ಚೆನ್ನಾಗಿತ್ತಲ್ಲ."

ಅವಳು ಹಾಲಿನ ಕಡೆ ಕೈ ತೋರಿಸಿದಳು. "ಅವರಿಗೆ ವ್ಯತ್ಯಾಸಾನೇ ಗೊತ್ತಾಗ್ಲಿಲ್ಲ. ಇಷ್ಟು ವರ್ಷ ನಾನು ಇಲ್ಲಿ ಕೂತಿದ್ದು ದಂಡ."

"ಅವರ ಮಾತು ಬಿಡಿ ಅಕ್ಕಾ, ಬರೀ ಬಾಯಿ. ನೀವು ಒಂದ್ಸಲನಾದ್ರೂ ಆಚೆ ಕೂತು ಕೇಳಿದೀರಾ?"

ಅವಳು ತಲೆಯಾಡಿಸಿದಳು. ಇಲ್ಲ.

"ಏಳಿ ಹಾಗಾದ್ರೆ. ಸ್ವಿಚ್ ನಾನು ಹಾಕ್ತೀನಿ."

ಬಡಗಿ ಮಂಚದ ಅಂಚಿನಲ್ಲಿ ಕೂತ. ಅವಳು ಹಾಲಿಗೆ ಬಂದಳು. ಸೋಫಾದ ತುದಿಯಲ್ಲಿ ಜಾಗವಿತ್ತು. ಅದನ್ನು ದಾಟಿ ಹೋಗಿ ಗಂಡನ ಕುರ್ಚಿಯಲ್ಲಿ ಕೂತಳು. ಕಣ್ಣು ಮುಚ್ಚಿ ತಲೆದೂಗುತ್ತಿದ್ದ ಮ್ಯಾನೇಜರು ಒಂದು ಕಣ್ಣು ತೆರೆದರು.

"ಅತ್ತಿಗೆ, ಅದು ಅವರು ಕೂರ್ತಿದ್ದ..."

"ಗೊತ್ತು. ಬಾಯಿ ಮುಚ್ಚಿ ಕೂತ್ಕೊಳ್ಳಿ, ಕೇಳಿಸ್ಕೋಬೇಕು."

ಪಿಟೀಲು ಮತ್ತೆ ಇಳಿಯಿತು. ಗಂಟಲು ಕಟ್ಟುವ ಜಾಗಕ್ಕೆ ಬಂತು, ಕಟ್ಟಲಿಲ್ಲ, ಇನ್ನೂ ಕೆಳಗೆ ಇಳಿದು ಅಲ್ಲಿ ನಿಂತಿತು. ಒಳಗೆ ಬರೀ ದಬ್ ದಬ್ ಆಗಿದ್ದದ್ದು ಇಲ್ಲಿ ಆ ವಾದ್ಯದ ಉಸಿರಾಗಿತ್ತು. ಕುರ್ಚಿಯ ಕಾಲು ಹತ್ತಿ ಅವಳ ಬೆನ್ನಿಗೆ ಬಂತು. ಚೆನ್ನಾಗಿತ್ತು. ಅಯ್ಯೋ, ಎಷ್ಟು ಚೆನ್ನಾಗಿತ್ತು! ಒಂದು ದಿನ, ಒಂದೇ ಒಂದು ದಿನ, ಬಾರೇ ಕೂತು ಕೇಳು ಅನ್ನಲಿಲ್ಲವಲ್ಲ ಈ ಮನುಷ್ಯ. ಕಣ್ಣೀರು ತಡೆಯಿಲ್ಲದೆ ಇಳಿಯಿತು. ಅವಳು ಒರೆಸಿಕೊಳ್ಳಲಿಲ್ಲ.

ಗಾಡಿಯವನು ಬಾಗಿಲಲ್ಲಿ ಬಂದು ನಿಂತ. "ನಾಲ್ಕಾಯ್ತು. ಎತ್ತೋಣ್ವಾ?"

ಮ್ಯಾನೇಜರೂ ಮೇಷ್ಟ್ರೂ ಎದ್ದು ಸ್ಟ್ರೆಚರಿನ ಹಿಡಿಗೆ ಕೈ ಹಾಕಿದರು. ಪಿಟೀಲು ಇನ್ನೂ ಮುಗಿದಿರಲಿಲ್ಲ. ಅವಳು ಅವರತ್ತ ತಿರುಗದೆ ಬಲಗೈ ಮೇಲೆತ್ತಿ ಹಾಗೇ ಹಿಡಿದಳು. ಇಬ್ಬರೂ ಅರ್ಧ ಬಗ್ಗಿದವರು ಬಗ್ಗಿದಂತೆಯೇ ನಿಂತರು.