ತೋಳಿನ ಮೇಲಿನ ಹತ್ತಿ

ಆ ಹೆಂಗಸಿನ ಮೊಣಕೈ ಮಡಿಕೆಯಲ್ಲಿ ಹತ್ತಿ, ಹತ್ತಿಯ ಮೇಲೆ ಅಡ್ಡಕ್ಕೊಂದು ಅಂಟುಪಟ್ಟಿ, ಪಟ್ಟಿಯ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಕೆಂಪು — ನೋಡಬಾರದು ಅಂದುಕೊಂಡಷ್ಟೂ ಅವನ ಕಣ್ಣು ಅಲ್ಲಿಗೇ ಹೋಗುತ್ತದೆ, ಅವಳೋ ಕೈಯಲ್ಲೊಂದು ಬಿಸ್ಕತ್ತಿನ ಪೊಟ್ಟಣ ಹಿಡಿದು ಬಾಗಿಲು ತಳ್ಳಿಕೊಂಡು ಹೊರಟೇಹೋದಳು, ಅಂಚೆ ಕಚೇರಿಗೆ ಬಂದು ಕಾಗದ ಹಾಕಿ ಹೋದಷ್ಟು ಸಲೀಸಾಗಿ, ಇವನು ಮಾತ್ರ ರಕ್ತನಿಧಿಯ ಈ ಬೆಂಚಿನ ಮೇಲೆ ಕೂತು ಇಪ್ಪತ್ತು ನಿಮಿಷದಿಂದ ಒಂದು ಅರ್ಜಿ ತುಂಬಲಾರದೆ ಒದ್ದಾಡುತ್ತಿದ್ದಾನೆ. ಹೆಸರು ಆಯಿತು, ವಯಸ್ಸು ನಲವತ್ತೊಂಬತ್ತು, ಉದ್ಯೋಗ ಇದೇ ಆಸ್ಪತ್ರೆಯ ಲಾಂಡ್ರಿ, ಇಪ್ಪತ್ತಾರು ವರ್ಷದಿಂದ ಕೆಳಗೆ, ಹಿಂಭಾಗದಲ್ಲಿ, ಬಾಯ್ಲರಿನ ಪಕ್ಕ, ಅಲ್ಲಿಂದ ಇಲ್ಲಿಗೆ ಮೂವತ್ತೆರಡು ಮೆಟ್ಟಿಲು, ಹತ್ತಿದ್ದು ಇದು ಎರಡನೇ ಸಲ, ಇಲ್ಲಿನ ಹಾಸುಬಟ್ಟೆಗಳೆಲ್ಲ ವಾರಕ್ಕೆರಡು ಸಲ ಅವನ ಕೈಗೇ ಬರುತ್ತವೆ, ಅವುಗಳ ಮೇಲಿನ ಸಣ್ಣ ಸಣ್ಣ ಕಲೆಗಳ ಪರಿಚಯ ಚೆನ್ನಾಗಿದೆ, ಕಲೆ ಬಿದ್ದ ಕೋಣೆಯ ಪರಿಚಯವೇ ಇಲ್ಲ. ನಾಲ್ಕನೆಯ ಪ್ರಶ್ನೆ: ಹಿಂದೆ ರಕ್ತದಾನ ಮಾಡಿದ್ದೀರಾ, ಹೌದಾದರೆ ಯಾವಾಗ. ಪೆನ್ನು ಅಲ್ಲೇ ನಿಂತಿದೆ. ಪಕ್ಕದಲ್ಲಿ ಮಗಳು, ಹೋದ ತಿಂಗಳು ಹದಿನೆಂಟು ತುಂಬಿತು, ತುಂಬಿದ್ದೇ ತಡ, ಅಪ್ಪ ನಾನೂ ಕೊಡ್ತೀನಿ, ನೀನು ಅಮ್ಮನಿಗೆ ಕೊಟ್ಟ ಹಾಗೆ, ಇಬ್ಬರೂ ಜೊತೆಗೇ ಹೋಗೋಣ ಅಂತ ಹಿಡಿದ ಪಟ್ಟು ಬಿಡಲಿಲ್ಲ, ಇವತ್ತು ರಜ, ಕೆಲಸದ ನೆಪ ಹೇಳೋಕೂ ದಾರಿಯಿಲ್ಲ. ಅವಳು ಐದೇ ನಿಮಿಷದಲ್ಲಿ ತನ್ನ ಅರ್ಜಿ ತುಂಬಿ ಕಾಲು ಅಲ್ಲಾಡಿಸುತ್ತ ಕೂತಿದ್ದಾಳೆ, ಪರೀಕ್ಷೆ ಬರೆದು ಮುಗಿಸಿದವಳ ಹಾಗೆ, ಇನ್ನೂ ಆಗಲಿಲ್ವಾ ಅಪ್ಪ, ಆಯ್ತು ಇರು, ಕನ್ನಡಕ ಮರೆತು ಬಂದೆ. ಕನ್ನಡಕ ಜೇಬಿನಲ್ಲೇ ಇದೆ.

ಬೆಳಿಗ್ಗೆ ಹೆಂಡತಿ ಬಾಗಿಲವರೆಗೂ ಬಂದಳು, ಹೊಟ್ಟೆ ತುಂಬ ತಿಂದ್ರಿ ತಾನೆ, ಇವಳನ್ನ ಹುಷಾರಾಗಿ ನೋಡ್ಕೊಳ್ಳಿ, ಸೂಜಿ ಕಂಡ್ರೆ ಹೆದರ್ತಾಳೆ, ಮಗಳಿಗೆ ಬೇರೆ ಹೇಳಿದಳು, ನಿಮ್ಮಪ್ಪನ್ನ ನೋಡಿ ಕಲಿ, ಅವತ್ತು ತುಟಿ ಪಿಟಕ್ಕೆನ್ನದೆ ಕೊಟ್ಟು ಬಂದ್ರು. ತುಟಿ ಪಿಟಕ್ಕೆನ್ನಲಿಲ್ಲ, ಅಷ್ಟು ಮಾತ್ರ ನಿಜ. ಹದಿನೆಂಟು ವರ್ಷದಿಂದ ಆ ಮನೆಯಲ್ಲಿ ಅದೊಂದು ಕಥೆ ನಡೆದುಬಂದಿದೆ, ನೆಂಟರು ಬಂದರೆ ಕಥೆ, ಪಕ್ಕದ ಮನೆಗೆ ಹೊಸಬರು ಬಂದರೆ ಕಥೆ, ಹಾಲು ಉಕ್ಕಿ ಅವಳು ರೇಗಿದರೂ ಅದೇ, ನಿಮ್ಮ ರಕ್ತ ಒಳಗೆ ಹೋದಾಗಿನಿಂದ ನನಗೂ ಈ ಹಾಳು ಸಿಟ್ಟು ಬಂತು ನೋಡಿ, ಅಂದು ನಗುತ್ತಾಳೆ. ಅವನು ಎರಡು ಸಲ ಅವಳ ತಮ್ಮನ ಜೊತೆ ಕೆಟ್ಟದಾಗಿ ಜಗಳ ಆಡಿದ, ಒಂದು ಸಲ ಮೂರು ದಿನ ಮನೆಯಲ್ಲಿ ಮಾತು ಬಿಟ್ಟ, ಎಲ್ಲವನ್ನೂ ಅವಳು ಹೊಟ್ಟೆಗೆ ಹಾಕಿಕೊಂಡಳು, ಹೋಗ್ಲಿ ಬಿಡಿ, ಜೀವ ಉಳಿಸಿದವರು ಅಂತ. ಆ ಮಾತು ಕೇಳಿದಾಗಲೆಲ್ಲ ಅವನಿಗೆ ಎದ್ದು ಹೊರಗೆ ಹೋಗಬೇಕು ಅನ್ನಿಸುತ್ತದೆ, ಹೋಗುತ್ತಾನೆ ಕೂಡ, ಪಾಪ ಸಂಕೋಚ ಅವರಿಗೆ, ಹೊಗಳಿದರೆ ಆಗಲ್ಲ ಅಂತ ಅದಕ್ಕೂ ಅವಳ ಹತ್ತಿರ ಒಂದು ಒಳ್ಳೆಯ ಅರ್ಥ ತಯಾರಿರುತ್ತದೆ.

ಆವತ್ತು ಹೆರಿಗೆಯಾಯಿತು, ಹೆಣ್ಣು ಮಗು ಅಂದರು, ಆಮೇಲೆ ರಕ್ತ ನಿಲ್ಲಲಿಲ್ಲ. ದೊಡ್ಡ ನರ್ಸಮ್ಮ ಓಡಿ ಬಂದು ಸಣ್ಣ ದನಿಯಲ್ಲಿ ಲೆಕ್ಕ ಹೇಳಿದಳು, ಇವಳ ಗುಂಪಿನ ರಕ್ತ ಫ್ರಿಜ್ಜಿನಲ್ಲಿ ನಾಲ್ಕೇ ಬಾಟಲಿ ಇದೆ, ಮೂರು ಇವಳಿಗೆ ಹಾಕ್ತಿದೀವಿ, ಒಂದು ಉಳಿಯತ್ತೆ, ಆ ಒಂದು ಸಾಕಾಗದಂಥ ಇನ್ನೊಬ್ಬಳು ಬಂದರೆ ನಾವೇನು ಮಾಡೋದು, ನಿಂದೂ ಅದೇ ಗುಂಪಲ್ವಾ, ಮೇಲೆ ಹೋಗಿ ನೀನು ಒಂದು ಕೊಡಪ್ಪ. ಹೋದ. ಮೂವತ್ತೆರಡು ಮೆಟ್ಟಿಲು, ಲೆಕ್ಕ ಹಾಕಿಕೊಂಡೇ ಹತ್ತಿದ. ಮೊದಲು ಪರೀಕ್ಷೆಗೆ ಅಂತ ಒಂದು ಚೂರು ತೆಗೆದರು, ಒಂದು ಚಮಚದಷ್ಟೂ ಇರಲಿಲ್ಲ, ಆ ಜಾಗದಲ್ಲಿ ಹತ್ತಿ ಇಟ್ಟು ಪಟ್ಟಿ ಅಂಟಿಸಿ, ಐದು ನಿಮಿಷ ಕೂತಿರಿ ಕರೀತೀವಿ ಅಂದರು, ಎದುರಿನ ಮಂಚದಲ್ಲಿ ಯಾರೋ ಮಲಗಿದ್ದ, ಅವನ ತೋಳಿನಿಂದ ನಳಿಗೆ ಕೆಳಗಿಳಿದಿತ್ತು, ಕೆಳಗೆ ತಟ್ಟೆಯೊಂದು ತನ್ನಷ್ಟಕ್ಕೆ ಆ ಕಡೆ ಈ ಕಡೆ ತೂಗುತ್ತಿತ್ತು, ತಟ್ಟೆಯ ಮೇಲೆ ಚೀಲ, ಚೀಲ ದಪ್ಪಗಾಗುತ್ತಿತ್ತು. ದಿನಾ ಬಕೆಟ್ಟುಗಟ್ಟಲೆ ರಕ್ತದ ಬಟ್ಟೆ ತೊಳೆಯುವವನು, ಬಟ್ಟೆಯಲ್ಲಿ ಬಂದರೆ ಅವನಿಗೆ ಅದು ಬರೀ ಕೊಳೆ, ಹಾಗೆ ಬಿಸಿಬಿಸಿಯಾಗಿ ಒಬ್ಬ ಮನುಷ್ಯನ ಒಳಗಿಂದ ಹೊರಟದ್ದನ್ನ ನೋಡಿದ್ದು ಅದೇ ಮೊದಲು, ಒಂದಕ್ಕೆ ಹೋಗಿ ಬರ್ತೀನಿ ಅಂತ ಎದ್ದ, ಕೆಳಗಿಳಿದ, ಇಳಿದವನು ಮತ್ತೆ ಹತ್ತಲಿಲ್ಲ. ಇಷ್ಟೇ ಆಗಿದ್ದರೆ ಹೇಡಿ ಅನ್ನಿಸಿಕೊಂಡು ಮುಗಿದುಹೋಗುತ್ತಿತ್ತು. ಕೆಳಗೆ ಬೆಂಚಿನ ಮೇಲೆ ಅತ್ತೆ ಕೂತಿದ್ದರು, ಅವನ ತೋಳು ನೋಡಿದರು, ಹತ್ತಿ ನೋಡಿದರು, ಕೊಟ್ಟು ಬಂದ್ರಾ ಅಳಿಯಂದ್ರೇ ಅಂದರು, ಅವನು ಹೌದು ಅನ್ನಲಿಲ್ಲ, ಇಲ್ಲ ಅನ್ನಲೂ ಇಲ್ಲ, ಹತ್ತಿಯನ್ನೇ ನೋಡಿದ, ನಡುವೆ ಒಂದು ಕೆಂಪು ಚುಕ್ಕೆ, ಅತ್ತೆ ಅವನ ಎರಡೂ ಕೈ ಹಿಡಿದು ತಮ್ಮ ಕಣ್ಣಿಗೆ ಒತ್ತಿಕೊಂಡುಬಿಟ್ಟರು, ಆ ಕಣ್ಣೀರಿನ ಬಿಸಿ ಆರುವ ಮೊದಲೇ ಇಡೀ ವಾರ್ಡಿಗೆ ಸುದ್ದಿ ಗೊತ್ತಾಗಿತ್ತು. ಅಲ್ಲಿ ನಿಲ್ಲಲಾರದೆ ಲಾಂಡ್ರಿಗೆ ಹೋದ, ಹೆರಿಗೆ ವಾರ್ಡಿನ ಗಂಟು ಬಂದು ಬಿದ್ದಿತ್ತು, ಮೇಲಿದ್ದ ಹಾಸುಬಟ್ಟೆಯ ಮೂಲೆಯಲ್ಲಿ ಅವಳ ಮಂಚದ ನಂಬರು, ಬಿಚ್ಚಿದರೆ ಈ ತುದಿಯಿಂದ ಆ ತುದಿ. ರಕ್ತಕ್ಕೆ ತಣ್ಣೀರು, ಬಿಸಿನೀರು ಬಿತ್ತೋ ಕಲೆ ಕಚ್ಚಿಕೊಂಡು ಕೂರತ್ತೆ, ಕೆಲಸಕ್ಕೆ ಬಂದ ಮೊದಲ ದಿನ ಯಾರಿಗಾದರೂ ಹೇಳಿಕೊಡುವ ಪಾಠ ಅದು, ಅವನೇ ಎಷ್ಟೋ ಜನಕ್ಕೆ ಹೇಳಿಕೊಟ್ಟಿದ್ದ, ಆವತ್ತು ಆ ಬಟ್ಟೆಯನ್ನ ಎತ್ತಿ ಸೀದಾ ಕುದಿಯುವ ತೊಟ್ಟಿಗೆ ಹಾಕಿದ. ಹೋಗಲಿಲ್ಲ. ಸೋಡಾ ಹಾಕಿ ಉಜ್ಜಿದ, ಕಲ್ಲಿಗೆ ಬಡಿದ, ಕಂದು ಬಣ್ಣಕ್ಕೆ ತಿರುಗಿ ಅಲ್ಲೇ ಉಳಿಯಿತು. ವಾರ್ಡಿಗೆ ಕೊಡುವ ಹಾಗಿಲ್ಲ, ಬಿಸಾಕಲು ಮನಸ್ಸಿಲ್ಲ, ನಾಲ್ಕು ಮಡಿಕೆ ಮಾಡಿ ಇಸ್ತ್ರಿ ಮೇಜಿನ ಮೇಲೆ ಕಂಬಳಿಯ ಕೆಳಗೆ ಹಾಸಿದ. ಇವತ್ತಿಗೂ ಅಲ್ಲೇ ಇದೆ. ಕಂಬಳಿ ಐದು ಸಲ ಬದಲಾಯಿತು, ಬೇರೆಯವರು ರಜ ಇದ್ದ ದಿನ ನೋಡಿಕೊಂಡು ತಾನೇ ಬದಲಾಯಿಸಿದ.

ಆ ಉಳಿದ ಒಂದು ಬಾಟಲಿ. ಅದರ ಬಗ್ಗೆ ಯಾರನ್ನೂ ಕೇಳಲಿಲ್ಲ, ಅದು ಯಾರಿಗೆ ಹೋಯಿತು, ಹೋದವಳಿಗೆ ಅದೊಂದೇ ಸಾಕಾಯಿತೋ ಇಲ್ಲವೋ. ಆಮೇಲಿನ ವಾರವೆಲ್ಲ ಹೆರಿಗೆ ವಾರ್ಡಿನ ಗಂಟನ್ನು ಬೇರೆ ಕಡೆ ನೋಡುತ್ತಲೇ ಬಿಚ್ಚಿದ. ಹೆಂಡತಿಗೆ ಹಾಕಿದ ಮೂರರ ಬಗ್ಗೆ ಮಾತ್ರ ಯೋಚಿಸಿದ್ದಾನೆ, ಯೋಚಿಸಿದ್ದಾನೆ ಅಂದರೆ ಹುಡುಕಿದ್ದಾನೆ, ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದವರ ತೋಳು, ಹೋಟೆಲಿನಲ್ಲಿ ನೀರಿಡುವವನ ತೋಳು, ದರ್ಜಿಯ ತೋಳು, ಮೂರು ಜನ ಎಲ್ಲೋ ಇದ್ದಾರೆ, ಅವಳ ಮುಖ ಕಂಡವರಲ್ಲ, ಇಂಥವಳಿಗೆ ಅಂತ ಕೊಟ್ಟವರಲ್ಲ, ಬಂದು ಮಲಗಿದರು, ಕೊಟ್ಟರು, ಬಿಸ್ಕತ್ತು ತಿಂದು ಮನೆಗೆ ಹೋದರು, ಅವರು ಹಾಗೆ ಯಾವುದೋ ಒಂದು ಮಾಮೂಲಿ ದಿನ ಬಂದು ಹೋಗಿದ್ದಕ್ಕೆ ಅವಳು ಇವತ್ತು ಬಾಗಿಲಲ್ಲಿ ನಿಂತು ಹೊಟ್ಟೆ ತುಂಬ ತಿಂದ್ರಿ ತಾನೆ ಅಂದಳು. ಅಷ್ಟರಲ್ಲಿ ಮಗಳ ಸರದಿ ಬಂತು, ಕರೆದರು. ಬೆರಳಿಗೆ ಚುಚ್ಚಿಸಿಕೊಂಡು ಕಣ್ಣು ಮುಚ್ಚಿಕೊಂಡಳು, ಗಾಜಿನ ಪಾತ್ರೆಯಲ್ಲಿ ನೀಲಿ ನೀರು, ಮೈಲುತುತ್ತದ್ದು, ಹನಿ ಬಿಟ್ಟರೆ ಮುಳುಗಬೇಕಂತೆ, ಮುಳುಗಿದರೆ ರಕ್ತ ಗಟ್ಟಿಯಿದೆ ಅಂತ, ಅವಳದ್ದು ಅರ್ಧ ಇಳಿಯಿತು, ನಿಂತಿತು, ಮೆಲ್ಲಗೆ ಮೇಲೆ ಬಂತು. ಈಗ ಬೇಡಮ್ಮ, ರಕ್ತ ಸ್ವಲ್ಪ ಕಡಿಮೆ ಇದೆ, ಸೊಪ್ಪು ಕಾಳು ಚೆನ್ನಾಗಿ ತಿನ್ನು, ಡಾಕ್ಟರಿಗೊಮ್ಮೆ ತೋರಿಸಿ ಮೂರು ತಿಂಗಳು ಬಿಟ್ಟು ಬಾ. ಮುಖ ಸಪ್ಪೆ ಮಾಡಿಕೊಂಡು ಬಂದಳು, ಬಂದವಳೇ, ಹೋಗ್ಲಿ, ನೀನಿದ್ದೀಯಲ್ಲ ಅಂದಳು. ಆಮೇಲೆ ಅವನನ್ನು ಕರೆದರು, ಅರ್ಜಿ ಬೆಂಚಿನ ಮೇಲೇ ಇತ್ತು, ನರ್ಸು ಗುರುತು ಹಿಡಿದಳು, ಏನ್ ಲಾಂಡ್ರಿಯಣ್ಣ, ಕಡೆಗೂ ಮೇಲೆ ಬಂದ್ರಲ್ಲ, ಅವನು ಹೆಹ್ಹೆ ಅಂದ, ಬೆರಳು ಕೊಟ್ಟ, ಹನಿ ಬಿತ್ತು, ಮುಳುಗದಿದ್ದರೆ ಒಳ್ಳೆಯದು ಅಂತ ಒಂದು ಕ್ಷಣ ಅನ್ನಿಸಿತು, ನಾಚಿಕೆಗೆಟ್ಟವನೇ ಅಂತ ತನ್ನನ್ನೇ ಬೈದುಕೊಂಡ, ಹನಿ ಕಲ್ಲಿನ ಹಾಗೆ ತಳಕ್ಕೆ ಹೋಯಿತು.

ಅರ್ಜಿ ತಂದು ಕೊಟ್ಟವಳು ಮಗಳು. ನೀನು ಖಾಲಿ ಬಿಟ್ಟಿದ್ದೆ ಅಪ್ಪ, ನಾನೇ ತುಂಬಿದೆ. ನರ್ಸು ಓದಿದಳು, ಹಿಂದೆ ಒಮ್ಮೆ ಕೊಟ್ಟಿದ್ದೀರಿ, ಸರಿ, ಇಲ್ಲಿ ಸಹಿ ಹಾಕಿ. ನಾಲ್ಕನೆಯ ಸಾಲಿನಲ್ಲಿ ಮಗಳ ದುಂಡು ಅಕ್ಷರ, ಹೌದು, ಅದರ ಮುಂದೆ ತಾರೀಖು, ಅವಳು ಹುಟ್ಟಿದ ತಾರೀಖು, ತನ್ನ ಹುಟ್ಟುಹಬ್ಬವನ್ನೇ ಬರೆದಿದ್ದಾಳೆ, ಅಷ್ಟು ಖಾತ್ರಿಯಾಗಿ, ಯಾರನ್ನೂ ಕೇಳದೆ. ಸಹಿ ಹಾಕಿದರೆ ಯಾರಿಗೂ ಏನೂ ಆಗುವುದಿಲ್ಲ, ಇವತ್ತು ಹೇಗೂ ಕೊಡುತ್ತಾನೆ, ಹದಿನೆಂಟು ವರ್ಷ ತಡವಾಯಿತು ಅಷ್ಟೇ, ಮನೆಯ ಕಥೆ ಮನೆಯಲ್ಲಿ ಸುಖವಾಗಿ ನಡೆದುಕೊಂಡು ಹೋಗುತ್ತದೆ, ಪೆನ್ನು ಕಾಗದಕ್ಕೆ ತಾಗಿತು, ತಾಗಿದ ಜಾಗದಲ್ಲಿ ಒಂದು ಚುಕ್ಕೆ ಬಿತ್ತು, ಅವನು ಆ ತಾರೀಖಿನ ಮೇಲೆ ಅಡ್ಡಗೀಟು ಎಳೆದ. ಹೌದು ಅನ್ನುವುದರ ಮೇಲೂ ಎಳೆದ. ಇಲ್ಲ ಅಂತ ಬರೆದ. ಅಪ್ಪ, ನೀನು ತಪ್ಪು ಬರೆದೆ ನೋಡು, ಮಗಳು ಅಂದಳು. ತಪ್ಪಲ್ಲ, ಅವನು ಅಂದ, ಅವತ್ತು ನನ್ನಿಂದ ತೆಗೆದದ್ದು ಪರೀಕ್ಷೆಗೆ ಒಂದು ಚೂರು, ಅಷ್ಟೇ, ಆಮೇಲೆ ಹೆದರಿ ಓಡಿಹೋದೆ. ಮಗಳು ಗೀಟು ಎಳೆದ ತಾರೀಖನ್ನು ನೋಡಿದಳು, ನರ್ಸು ಏನೋ ಕೆಲಸವಿದ್ದವಳ ಹಾಗೆ ಆ ಕಡೆ ತಿರುಗಿದಳು. ಮತ್ತೆ ಅಮ್ಮನಿಗೆ ಕೊಟ್ಟಿದ್ದು ಯಾರು? ಗೊತ್ತಿಲ್ಲ, ಯಾರೋ ಮೂರು ಜನ. ಅಷ್ಟೇನಾ? ಅಷ್ಟೇ.

ಮಂಚದ ಮೇಲೆ ಮಲಗಿದ. ತೋಳಿಗೆ ಪಟ್ಟಿ ಬಿಗಿದರು, ಕೈಗೆ ರಬ್ಬರು ಚೆಂಡು ಕೊಟ್ಟು ಹಿಸುಕ್ತಾ ಇರಿ ಅಂದರು, ಸೂಜಿ ಹೋಯಿತು, ಇರುವೆ ಕಚ್ಚಿದ್ದಕ್ಕಿಂತ ಸ್ವಲ್ಪ ಜಾಸ್ತಿ, ಅಯ್ಯೋ, ಇಷ್ಟಕ್ಕೇನಾ ಹದಿನೆಂಟು ವರ್ಷ, ನಗು ಬಂತು, ನಗುವ ಹಾಗಿರಲಿಲ್ಲ, ಕೆಳಗೆ ತಟ್ಟೆ ತೂಗತೊಡಗಿತು, ನೋಡಿದ, ಬೇಕೆಂದೇ ನೋಡಿದ, ಕಪ್ಪು ಅನ್ನುವಷ್ಟು ಕೆಂಪು, ಬಟ್ಟೆಯಲ್ಲಿ ಇದು ಇಷ್ಟು ಗಾಢವಾಗಿ ಕಾಣುವುದೇ ಇಲ್ಲ. ಇದು ಯಾರಿಗೆ ಹೋಗುತ್ತದೋ, ಅವಳ ಗಂಡ ಕೆಳಗೆ ಯಾವ ಬೆಂಚಿನ ಮೇಲೆ ಕೂತಿರುತ್ತಾನೋ, ಅವಳ ಹಾಸುಬಟ್ಟೆ ಬಂದರೆ ತಣ್ಣೀರಿಗೇ ಹಾಕಬೇಕು. ಮಗಳು ಎಲ್ಲಿ, ಹೋಗಿಬಿಟ್ಟಳಾ, ಇಲ್ಲ, ಗೋಡೆಗೊರಗಿ ನಿಂತಿದ್ದಾಳೆ, ಮುಖ ನೋಡುತ್ತಿಲ್ಲ, ಚೀಲವನ್ನೇ ನೋಡುತ್ತಿದ್ದಾಳೆ, ಇವಳು ಇನ್ನು ತನ್ನ ಜೊತೆ ಮಾತಾಡದೆ ಹೋದರೆ, ಅವಳಮ್ಮ ಮಾತಾಡದೆ ಹೋದರೆ, ಮೂರು ದಿನ ಅಲ್ಲ, ಎಷ್ಟು ದಿನವೋ, ಚೆಂಡು ಹಿಸುಕಿದ, ಬಿಟ್ಟ, ಹಿಸುಕಿದ. ಏಳೆಂಟು ನಿಮಿಷ ಆಗಿರಬೇಕು. ಸೂಜಿ ತೆಗೆದರು, ಹತ್ತಿ ಇಟ್ಟರು, ಪಟ್ಟಿ ಅಂಟಿಸಿದರು, ನಾಲ್ಕು ಗಂಟೆ ತೆಗೀಬೇಡಿ ಲಾಂಡ್ರಿಯಣ್ಣ, ಆ ಕೈಯಲ್ಲಿ ಭಾರ ಎತ್ತಬೇಡಿ. ಮಗಳು ಹಣ್ಣಿನ ರಸದ ಲೋಟ ತಂದು ಹಿಡಿದಳು, ಅವನು ಕುಡಿಯುವ ತನಕ ಹಿಡಿದೇ ಇದ್ದಳು, ಆಮೇಲೆ ಅಂದಳು, ಅಮ್ಮನಿಗೆ ನಾನು ಹೇಳಲ್ಲ ಅಪ್ಪ, ನೀನೇ ಹೇಳ್ಬೇಕು, ಇವತ್ತೇ. ಹ್ಞೂಂ ಅಂದ. ಮನೆಗೆ ಇಪ್ಪತ್ತು ನಿಮಿಷದ ದಾರಿ, ಹೆಂಡತಿ ಬಾಗಿಲಲ್ಲೇ ನಿಂತಿರುತ್ತಾಳೆ, ಮೊದಲು ಮಗಳನ್ನು ನೋಡುತ್ತಾಳೆ, ಆಮೇಲೆ ಇವನನ್ನು, ಆಮೇಲೆ ತೋಳನ್ನು, ಅವಳೂ ತನ್ನಮ್ಮನಂತೆಯೇ ಕೈ ಎಳೆದುಕೊಂಡು ಕಣ್ಣಿಗೆ ಒತ್ತಿಕೊಂಡರೆ, ಅದಕ್ಕೆ ಮೊದಲೇ ಹೇಳಬೇಕು, ಚಪ್ಪಲಿ ಬಿಡುವ ಮೊದಲೇ, ಹೀಗೆ ಶುರುಮಾಡಬೇಕು, ನೋಡು, ಇದು ಮೊದಲನೇದು, ಅಲ್ಲ, ಹಾಗಲ್ಲ, ಅವತ್ತು ಅತ್ತೆ ನನ್ನ ತೋಳು ನೋಡಿದರಲ್ಲ, ಅಲ್ಲ, ಅತ್ತೆಯನ್ನ ಯಾಕೆ ಎಳೆಯಬೇಕು, ನೋಡು — ತೋಳು ಚಾಚಿ ನೋಡಿದ, ಬಿಳಿ ಹತ್ತಿ, ನಡುವೆ ಕೆಂಪು ಚುಕ್ಕೆ, ಸಾಸಿವೆ ಕಾಳಿನಷ್ಟು, ಅವತ್ತಿನಷ್ಟೇ, ಒಂದಿಷ್ಟೂ ದೊಡ್ಡದಲ್ಲ, ಯಾರು ನೋಡಿದರೂ ವ್ಯತ್ಯಾಸ ತಿಳಿಯುವುದಿಲ್ಲ, ಬಿಳಿ ಹತ್ತಿ, ಕೆಂಪು ಚುಕ್ಕೆ.