ಎಡಕ್ಕೆ ವಾಲಿದ ಸ್ಟೇರಿಂಗು

ಎಡಕ್ಕೇ ಇದೆ ಹಾಳಾದ್ದು, ಇನ್ನೂ ಎಡಕ್ಕೇ — ಆಯುಧ ಪೂಜೆಯ ದಿನ ತಂಗಿ ಸುಬ್ಬಿ ಸ್ಟೇರಿಂಗಿನ ನೆತ್ತಿಗೆ ಕಟ್ಟಿದ್ದ ಕೆಂಪು ದಾರ, ಮೋಟಾರು ನೆಟ್ಟಗೆ ನಿಂತಿದ್ದರೂ ಅದೊಂದು ಚಕ್ರದ ಸಮೇತ ಕೆಳಗೆ ಜಾರಿ ತಿಮ್ಮುವಿನ ಎಡಗೈ ಹೆಬ್ಬೆರಳ ಹತ್ತಿರ ಕೂತಿದೆ, ಕಮ್ಮಾರನ ಸಾಲೆಯಿಂದ ದತ್ತಾ ಮಿಸ್ತ್ರಿಯ ಗ್ಯಾರೇಜಿನ ತನಕ ಹೀಗೇ ಹಿಡಿದು ತಂದಿದ್ದ, ನೆಟ್ಟಗೆ ಹೋಗಬೇಕಾದರೆ ಎಡಕ್ಕೆ ಎಳೆದೇ ಹಿಡಿಯಬೇಕು, ಇದೆಂಥ ಕರ್ಮ, ಕೈ ಎರಡೂ ಆವತ್ತು ಹಾರವಾಡದ ತಿರುವಿನಲ್ಲಿ ಇದ್ದ ಹಾಗೇ ಇವೆ — ಕರು ಅಡ್ಡ ಬಂತು, ಬಾಲ ಎತ್ತಿಕೊಂಡು, ತಮ್ಮ ಮನೆಯದೇ ಕರು, ಕೈ ಯೋಚಿಸಲೇ ಇಲ್ಲ, ಗೋವು ಅಂತ ಕಂಡದ್ದೇ ತಡ ಎಡಕ್ಕೆ ಎಳೆಯಿತು, ಎಡಕ್ಕೆ ಆಲದ ಮರ, ಬುಡದಲ್ಲಿ ಮೈಲುಗಲ್ಲು, ಕಲ್ಲಿನ ಪಕ್ಕ ಬಸಳೆ ಬುಟ್ಟಿ ಇಟ್ಟುಕೊಂಡು ಸುಬ್ಬಿ, ಕಾರವಾರದ ಸಂತೆಗೆ ಹೊರಟವಳು, ಅಣ್ಣನ ಮೋಟಾರು ಬಂತು ಅಂತ ಕೈ ಎತ್ತಿದ್ದಳು. ಕೈ ಎತ್ತಿಯೇ ಇದ್ದಳು.

ಓಡ್ತದಲ್ಲ ರೇ ತಿಮ್ಮು, ವಾರೆ ಇದ್ರೆ ಇರ್ಲಿ, ಮುಂಚೆ ತಂಗೀನ ಮನೆ ಮುಟ್ಸಿ ಬಾ, ಆಮೇಲೆ ನೋಡುವಾ — ದತ್ತಾ ನಟ್ಟು ತಿರುಗಿಸುವ ಪಾನಾ ಒರೆಸುತ್ತ ಹೇಳುತ್ತಾನೆ, ಸರಿಯಾಗೇ ಹೇಳುತ್ತಾನೆ, ಬೆಳಿಗ್ಗೆ ದಾಕ್ತರರೂ ಹೇಳಿದರಲ್ಲ, ನಮ್ಮ ಕೈಲಿ ಇನ್ನೇನಿಲ್ಲ, ಮನೆಯಲ್ಲೇ ಕಣ್ಣು ಮುಚ್ಚಲಿ ಅಂತಿದ್ದರೆ ಇವತ್ತೇ ಒಯ್ಯಿರಿ, ಎತ್ತಿನಗಾಡಿ ಬೇಡ, ಆರ್ಗಾ ಘಟ್ಟದ ಕುಲುಕಾಟಕ್ಕೆ ಆ ಮುರಿದ ಸೊಂಟ ತಡೆಯದು, ಮೋಟಾರಿನ ಧಣಿಯೂ ಮನಸ್ಸು ಮಾಡಿ ಒಯ್ಯಿ ಅಂದ, ಆಸ್ಪತ್ರೆಯೋ ಇಲ್ಲಿಂದ ಕೂಗಿದರೆ ಕೇಳುವಷ್ಟು ಹತ್ತಿರ, ಸುಬ್ಬಿಯದೂ ಅದೊಂದೇ ಮಾತು, ಮನೆಗೆ ಕರ್ಕಂಡು ಹೋಗೋ ಅಣ್ಣಾ, ಜಗಲಿ ಮೇಲೆ ಮಲಗ್ಸು ಸಾಕು — ಒಯ್ಯುತ್ತೇನೆ ತಂಗೀ, ಒಯ್ಯದೆ ಏನು, ಆದರೆ ಈ ಹಿಡಿತದಲ್ಲಿ ಅಲ್ಲ, ಅವಳನ್ನು ಹಿಂದೆ ಮಲಗಿಸಿಕೊಂಡು, ಕೈ ಎಡಕ್ಕೆ ಎಳೆದುಕೊಂಡು, ಅದೇ ಆಲದ ಮರ ದಾಟಿ, ಅಯ್ಯೋ, ಕೈ ಕಡಿದು ಹಾಕಿದರೂ ಆಗದು. ನೆಟ್ಟಗೆ ಮಾಡ್ಕೊಡು ಮಾರಾಯಾ, ನಿನ್ನ ಕಾಲಿಗೆ ಬೀಳ್ತೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ದತ್ತಾ ನಕ್ಕ, ತಿಮ್ಮುವಿನ ಮುಖ ನೋಡಿ ನಗು ನಿಲ್ಲಿಸಿದ, ಗೋಣಿ ಹಾಸಿ ಮೋಟಾರಿನ ಅಡಿಗೆ ನುಗ್ಗಿದ. ಸ್ಟೇರಿಂಗಿನ ಚಕ್ರ ಕಿತ್ತು ತಿರುಗಿಸಿ ಕೂರಿಸುವ ಹಾಗಿಲ್ಲ, ಒಳಗೆ ಕೀಲು ಇದೆ, ಒಂದೇ ಕಡೆ ಕೂರುವುದು, ಅಡಿಯ ರಾಡನ್ನೇ ಬಿಚ್ಚಿ ಉದ್ದ ಸರಿ ಮಾಡಬೇಕು, ಕಮ್ಮಾರ ಕಾಸಿ ಬಡಿದ ರಾಡು, ನಟ್ಟು ಹಲ್ಲು ಕಚ್ಚಿ ಕೂತಿದೆ, ಸೀಮೆಎಣ್ಣೆ ಹಾಕು, ಕಾಯಿ, ಬಡಿ, ಮತ್ತೆ ಕಾಯಿ.

ಕಾಯುತ್ತಾನೆ ತಿಮ್ಮು, ಸ್ಟೇರಿಂಗಿನ ಮುಂದೆ ಕೂತು, ಕೆಂಪು ದಾರವನ್ನೇ ನೋಡುತ್ತ, ಸುತ್ತಿಗೆಯ ಪೆಟ್ಟು ಅಡಿಯಿಂದ ಸೊಂಟಕ್ಕೆ ಬಡಿಯುತ್ತದೆ — ಸೊಂಟ ಅಂದರೆ ಸುಬ್ಬಿ — ಊರವರೆಲ್ಲ ಏನಂದರು, ದೇವ್ರು ದೊಡ್ಡವ ತಿಮ್ಮು, ಗೋಹತ್ಯೆ ತಪ್ತು, ಕರುವಿಗೆ ಅರಿಸಿನ ಕುಂಕುಮ ಹಚ್ಚಿದರು, ಹೆತ್ತ ಅವ್ವಿ ಮಾದಿಯೂ ಅಂದಳು, ಅಂದವಳೇ ಸೆರಗು ಬಾಯಿಗೆ ತುರುಕಿಕೊಂಡಳು, ಥತ್, ಯಾರಾದರೂ ಒಬ್ಬರು ಕೆನ್ನೆಗೆ ಬಾರಿಸಬಾರದಿತ್ತೇ, ಸುಬ್ಬಿಯಾದರೂ ಬೈಯಬಾರದಿತ್ತೇ, ಕಣ್ಣು ಬಿಟ್ಟ ಕೂಡಲೇ ಕೇಳಿದ್ದೇನು, ಕರೂಗೆ ಎಂತಾ ಆಗ್ಲಿಲ್ಲ ಅಲ್ದಾ ಅಣ್ಣಾ, ಇಲ್ಲ ಅಂತ ತಲೆಯಾಡಿಸಿದ, ನಕ್ಕಳು, ಆ ನಗೆಗಿಂತ ನಾಲ್ಕು ಒದೆ ಮೇಲು. ನಟ್ಟು ಬಿಟ್ಟಿತು ರೇ! ದಾರ ಮೇಲಕ್ಕೆ ಸರಿಯಿತು, ಇನ್ನೊಂದಿಷ್ಟು, ಸಾಕು ಅಂದ ದತ್ತಾ, ಮುಂದಕ್ಕೆ ಬಿಟ್ಟು ನೋಡಿದರೆ ಎರಡು ಬೆರಳಷ್ಟು ವಾರೆ, ಇನ್ನೂ ಎಡಕ್ಕೆ, ಎರಡು ಬೆರಳು ಯಾವ ಲೆಕ್ಕ ಹೋಗು ಮಾರಾಯಾ ಹೊತ್ತು ನೆತ್ತಿ ಮೇಲೆ ಬಂತು, ಹೋಗಬಹುದಿತ್ತು, ಹೋಗಲಿಲ್ಲ, ಇಲ್ಲ ಮಿಸ್ತ್ರಿ, ಪೂರಾ ಮಾಡು, ಮತ್ತೆ ಗೋಣಿ, ಮತ್ತೆ ಸುತ್ತಿಗೆ, ಬಿಸಿಲು ಗ್ಯಾರೇಜಿನ ಹೊಸ್ತಿಲು ದಾಟಿ ಒಳಗೆ ಬಂತು.

ಈಗ ನೋಡಿ, ರಸ್ತೆ ನೆಟ್ಟಗೆ, ಕೈ ನೆಟ್ಟಗೆ, ಕೆಂಪು ದಾರ ನೆತ್ತಿಯ ಮೇಲೆ, ಬೇಕೆಂದೇ ಬಲಗೈ ಬಿಟ್ಟ, ಮೋಟಾರು ಅತ್ತಿತ್ತ ಸರಿಯಲಿಲ್ಲ, ಬಂದೆ ತಂಗೀ, ಹೂವಿನ ಹಾಗೆ ಒಯ್ಯುತ್ತೇನೆ, ಜಗಲಿಗೇ ತಂದು ನಿಲ್ಲಿಸುತ್ತೇನೆ — ಆಸ್ಪತ್ರೆಯ ಮೆಟ್ಟಿಲ ಮೇಲೆ ಅವ್ವಿ ಕೂತಿದ್ದಾಳೆ, ಯಾಕೆ ಹೊರಗೆ, ಕಾಲು ಚಾಚಿ ಕೂತಿದ್ದಾಳೆ, ಸುಬ್ಬಿಯ ಗಾಜಿನ ಬಳೆ ಅವಳ ಮಡಿಲಿನಲ್ಲಿ. ಈಗಷ್ಟೇ ಹೋತು ಮಗಾ, ಮೋಟಾರ್ ಬಂತಾ, ಅಣ್ಣ ಬಂದ್ನಾ, ಅದನ್ನೇ ಕೇಳ್ತಿತ್ತು, ಇಲ್ಲೇ ಇದ್ದವ ನೀ ಎಲ್ಲಿ ಹೋಗಿದ್ಯೋ — ಎಲ್ಲೂ ಇಲ್ಲ ಅವ್ವಿ, ಇಲ್ಲೇ, ಸ್ಟೇರಿಂಗು ವಾರೆ ಇತ್ತು, ನೆಟ್ಟಗೆ ಮಾಡಿಸುತ್ತಿದ್ದೆ, ಇಳಿಯಬೇಕು, ಇಳಿದಿಲ್ಲ, ಕೈ ಎರಡೂ ಚಕ್ರದ ಮೇಲೆ, ನಡುವೆ ದಾರ, ಕೂದಲೆಳೆಯಷ್ಟೂ ವಾರೆ ಇಲ್ಲ, ಕೆಂಪು ದಾರ, ನೆಟ್ಟಗೆ, ದಾರ ನೆಟ್ಟಗಿದೆ